ಕಾಶಿಯಲ್ಲಿ ಓದಿದ ಪ್ರೇಮಾ ಕಾರಂತ: ವೇಷಭೂಷಣದಿಂದ ‘ಫಣಿಯಮ್ಮ’ನವರೆಗೆ

ಬಿ.ವಿ. ಕಾರಂತರ ಹೆಸರು ಕೇಳದ ಕನ್ನಡ ನಾಟಕಪ್ರೇಮಿಗಳು ಇರಲಾರರು. ಪ್ರೇಮಾ ಕಾರಂತ ಎಂದರೆ ಮಾತ್ರ ಹೆಚ್ಚಿನವರು, “ಕಾರಂತರ ಶ್ರೀಮತಿಯವರಲ್ಲವೇ? ‘ಫಣಿಯಮ್ಮ’ ಸಿನಿಮಾ ಮಾಡಿದವರು?” ಎಂದು ಕೇಳಿ ಅಲ್ಲಿಗೇ ನಿಲ್ಲಿಸುತ್ತಾರೆ. ಎರಡೂ ನಿಜವೇ. ಆದರೆ ಆ ಎರಡು ಗುರುತುಗಳ ನಡುವೆ ಸುಮಾರು 120 ನಾಟಕಗಳ ವೇಷಭೂಷಣ ಇದೆ, ಮಕ್ಕಳ ರಂಗಭೂಮಿ ಇದೆ, ಸಿನಿಮಾದ ಕಲಾ ನಿರ್ದೇಶನ ಇದೆ. ಅದಕ್ಕೂ ಹಿಂದೆ, ಮದುವೆಯಾದ ಮೇಲೆ ಊರು ಬಿಟ್ಟು ಹೋಗಿ ಗಂಗೆಯ ದಡದ ವಿಶ್ವವಿದ್ಯಾಲಯದಲ್ಲಿ ಡಿಗ್ರಿ ಓದಿದ ಕೆಲವು ವರ್ಷಗಳಿವೆ. ಈ ಲೇಖನ ಶುರುವಾಗುವುದು ಆ ವರ್ಷಗಳಿಂದ.

ಕನ್ನಡಿಗರಿಗೆ ಕಾಶಿ ಎಂದರೆ ಮೊದಲು ಯಾತ್ರೆ. ಮದುವೆ ಮನೆಯಲ್ಲಿ ಮದುಮಗ ಛತ್ರಿ ಹಿಡಿದು ಹೊರಡುವ ಕಾಶಿಯಾತ್ರೆಯಿಂದ ಹಿಡಿದು, ಅಜ್ಜಿಯ ದೇವರ ಮನೆಯಲ್ಲಿ ಮುಚ್ಚಳ ಬೆಸೆದ ಗಂಗೆಯ ತಾಮ್ರದ ಗಿಂಡಿಯವರೆಗೆ ಕಾಶಿ ನಮ್ಮ ಮನೆಯೊಳಗೇ ಇದೆ. ಅಲ್ಲಿನ ಜಂಗಮವಾಡಿ ಮಠ ವೀರಶೈವರಿಗೆ ಶತಮಾನಗಳಿಂದ ತವರು. ಹನುಮಾನ್ ಘಾಟಿನ ಸುತ್ತಲ ಓಣಿಗಳಲ್ಲಿ ದಕ್ಷಿಣದವರ ಮಾತು ಇವತ್ತಿಗೂ ಕಿವಿಗೆ ಬೀಳುತ್ತದೆ. ಹರಿಶ್ಚಂದ್ರ ಘಾಟಿನ ಮಗ್ಗುಲಲ್ಲಿ ಮೈಸೂರು ಸಂಸ್ಥಾನದ ಘಾಟ್ ಇದೆ, ಈಗ ಅದನ್ನು ಕರ್ನಾಟಕ ಘಾಟ್ ಎನ್ನುತ್ತಾರೆ. ಇದರ ಜೊತೆಗೆ ಇನ್ನೊಂದು ಕಾಶಿಯೂ ಇತ್ತು, ಓದಿನ ಕಾಶಿ. 1916ರಲ್ಲಿ ಮದನಮೋಹನ ಮಾಳವೀಯರು ಬನಾರಸ್ ಹಿಂದೂ ವಿಶ್ವವಿದ್ಯಾಲಯ ಕಟ್ಟಿದಾಗ ಅದರ ಮೊದಲ ಕುಲಾಧಿಪತಿಯಾದವರು ನಮ್ಮ ನಾಲ್ವಡಿ ಕೃಷ್ಣರಾಜ ಒಡೆಯರು. ಅಲ್ಲಿ ಹೆಣ್ಣುಮಕ್ಕಳಿಗೆಂದು ಮಹಿಳಾ ಮಹಾವಿದ್ಯಾಲಯ ತೆರೆದದ್ದು 1929ರಲ್ಲಿ. ಪುಣ್ಯ ಸಂಪಾದಿಸಲು ಕಾಶಿಗೆ ಹೋದ ಕನ್ನಡದ ಹೆಂಗಸರು ಲೆಕ್ಕವಿಲ್ಲದಷ್ಟು. ಪದವಿ ಸಂಪಾದಿಸಲು ಹೋದವರು ಬೆರಳೆಣಿಕೆಯವರು. ಅವರಲ್ಲಿ ಪ್ರೇಮಾ ಒಬ್ಬರು.

ಪ್ರೇಮಾ ಹುಟ್ಟಿದ್ದು 1936ರ ಆಗಸ್ಟ್ 15ರಂದು. ಬೆಂಗಳೂರಿನ ಮಹಿಳಾ ಸೇವಾ ಸಮಾಜದ ಶಾಲೆಯಲ್ಲಿ ಟೀಚರ್ ಆಗಿದ್ದಾಗ ಅವರಿಗೆ ಕಾರಂತರ ಪರಿಚಯವಾಯಿತು. ಬಂಟ್ವಾಳ ತಾಲೂಕಿನ ಬಾಬುಕೋಡಿಯ ಹುಡುಗ ಮನೆ ಬಿಟ್ಟು ಓಡಿಹೋಗಿ ಗುಬ್ಬಿ ಕಂಪನಿ ಸೇರಿದ್ದು, ಗುಬ್ಬಿ ವೀರಣ್ಣನವರೇ ಅವರನ್ನು ಹಿಂದಿ ಎಂ.ಎ. ಓದಲು ಬನಾರಸ್ಸಿಗೆ ಕಳಿಸಿದ್ದು ಎಲ್ಲರಿಗೂ ಗೊತ್ತಿರುವ ಕಥೆ. ಕಾರಂತ–ಪ್ರೇಮಾ ಮದುವೆ ನಡೆದದ್ದು 1958ರಲ್ಲಿ, ಆರ್ಯ ಸಮಾಜದ ಕ್ರಮದಲ್ಲಿ. ಮದುವೆಯಾದ ಮೇಲೆ ಇಬ್ಬರೂ ಕಾಶಿಗೆ ಹೊರಟರು. ಕಾರಂತರು ಆಚಾರ್ಯ ಹಜಾರಿ ಪ್ರಸಾದ್ ದ್ವಿವೇದಿಯವರ ಮಾರ್ಗದರ್ಶನದಲ್ಲಿ ಸಂಶೋಧನೆಗೆ ಕೂತರೆ, ಪ್ರೇಮಾ ಅದೇ ವಿಶ್ವವಿದ್ಯಾಲಯದಲ್ಲಿ ಡಿಗ್ರಿಗೆ ಸೇರಿದರು.

ಇಪ್ಪತ್ತೆರಡು ವರ್ಷದ ಮದುವೆಯಾದ ಹೆಣ್ಣುಮಗಳು, ಅದಾಗಲೇ ಸಂಬಳ ತರುತ್ತಿದ್ದ ಟೀಚರ್, ಮತ್ತೆ ಪುಸ್ತಕ ಹಿಡಿದು ಕಾಲೇಜಿಗೆ ಹೋಗುವುದು 1958ರಲ್ಲಿ ಸಣ್ಣ ಸಂಗತಿಯಾಗಿರಲಿಲ್ಲ. ಇವತ್ತು ನಮ್ಮ ಎಷ್ಟು ಮನೆಗಳಲ್ಲಿ ‘ಮದುವೆ ಆದಮೇಲೆ ಓದೋಣ’ ಎಂಬ ಮಾತು ಮಾತಾಗಿಯೇ ಉಳಿದಿದೆ! ಮುಂದೆ ನಡೆದದ್ದು ಇನ್ನೂ ದೊಡ್ಡದು. ದೆಹಲಿಯಲ್ಲಿ ರಾಷ್ಟ್ರೀಯ ನಾಟಕ ಶಾಲೆ 1959ರಲ್ಲಷ್ಟೇ ಶುರುವಾಗಿತ್ತು. ಕಾರಂತರು ನಾಟಕ ಕಲಿಯಲು ಅಲ್ಲಿಗೆ ಹೋದರು. ಪ್ರೇಮಾ ಅವರ ಹಿಂದೆ ಹೋಗಲಿಲ್ಲ. ಡಿಗ್ರಿ ಮುಗಿಯುವವರೆಗೂ ಕಾಶಿಯಲ್ಲೇ ಉಳಿದರು. ಅವರ ಬದುಕನ್ನು ಎರಡು ಸಾಲಿನಲ್ಲಿ ಹೇಳಿ ಮುಗಿಸುವವರು ಈ ಸಂಗತಿಯನ್ನು ದಾಟಿಕೊಂಡು ಹೋಗುತ್ತಾರೆ. ನನಗೆ ಅವರ ಮುಂದಿನ ಹಾದಿಯ ಬೀಗದ ಕೈ ಇದೇ ಅನ್ನಿಸುತ್ತದೆ. ಗಂಡನ ಕೆಲಸಕ್ಕೆ ಜೊತೆಯಾಗಿ ನಿಂತರೂ ತನ್ನ ಕೆಲಸವನ್ನು ಅರ್ಧಕ್ಕೆ ಬಿಡದ ಸ್ವಭಾವ ಅದು.

ವೇಷಭೂಷಣದ ಕೆಲಸಕ್ಕೆ ಇಳಿಯುವವರು ಯೌವನದಲ್ಲಿ ಒಂದಷ್ಟು ಕಾಲ ಕಾಶಿಯಲ್ಲಿದ್ದರೆ ಅದು ವ್ಯರ್ಥವಾಗುವುದಿಲ್ಲ. ಮದನಪುರ, ಅಲೈಪುರದ ಓಣಿಗಳಲ್ಲಿ ಮಗ್ಗದ ಸದ್ದು. ಕತಾನ್ ರೇಷ್ಮೆಯ ಮೇಲೆ ಜರಿಯ ಬಳ್ಳಿ, ಹೂವು, ಮಾವಿನಕಾಯಿ. ಉತ್ತರದ ಮದುವೆ ಹೆಣ್ಣು ಉಡುವ ಕೆಂಪು ಬನಾರಸಿ ಸೀರೆ ಹುಟ್ಟುವುದು ಅಲ್ಲಿ. ಆ ಓಣಿಗಳಿಂದ ಘಾಟಿನ ಕಡೆ ಇಳಿದರೆ ಅದೇ ಊರಿನ ಇನ್ನೊಂದು ಬಟ್ಟೆ ಕಣ್ಣಿಗೆ ಬೀಳುತ್ತದೆ: ಮೆಟ್ಟಿಲುಗಳ ಮೇಲೆ ಕೂತ ವಿಧವೆಯರ ಅಂಚಿಲ್ಲದ ಬಿಳಿ ಸೀರೆ. ವಿಧವೆ, ಗೂಳಿ, ಮೆಟ್ಟಿಲು, ಸನ್ಯಾಸಿ, ಈ ನಾಲ್ಕರಿಂದ ತಪ್ಪಿಸಿಕೊಂಡವರಿಗೆ ಮಾತ್ರ ಕಾಶೀವಾಸ ದಕ್ಕುತ್ತದೆ ಎಂದು ಬನಾರಸ್ಸಿನವರು ತಮಾಷೆ ಮಾಡುತ್ತಾರೆ. ಆ ತಮಾಷೆಯಲ್ಲಿ ಹೆಂಗಸೂ ಗೂಳಿಯೂ ಒಂದೇ ಪಟ್ಟಿಗೆ ಸೇರಿರುವುದನ್ನು ನಾವು ಗಮನಿಸಬೇಕು. ಗಂಡ ಸತ್ತ ಹೆಂಗಸರನ್ನು ಬಂಗಾಳದಿಂದ, ಬಿಹಾರದಿಂದ, ದಕ್ಷಿಣದಿಂದಲೂ ‘ಮುಕ್ತಿಗಾಗಿ’ ಎಂದು ಹೇಳಿ ಅಲ್ಲಿಗೆ ಸಾಗಿಸಿದ್ದು ಬಹಳ ಹಳೆಯ ಕಥೆ.

ಇಲ್ಲಿ ಒಂದು ಬಣ್ಣದ ಗೋಜಲು ಇದೆ. ಕಾಶಿಯಲ್ಲಿ ಕೆಂಪು ಮದುಮಗಳ ಬಣ್ಣ, ಬಿಳಿ ವಿಧವೆಯ ಬಣ್ಣ. ನಮ್ಮ ಮಲೆನಾಡಿನ ಬ್ರಾಹ್ಮಣರ ಮನೆಗಳಲ್ಲಿ ತಲೆ ಬೋಳಿಸಿದ ಮಡಿ ಹೆಂಗಸು ಉಡುತ್ತಿದ್ದದ್ದು ಕೆಂಪು ಸೀರೆ, ರವಿಕೆ ಇಲ್ಲದೆ, ಸೆರಗನ್ನು ತಲೆಯ ಮೇಲೆ ಬಿಗಿಯಾಗಿ ಎಳೆದು. ಒಂದು ಊರಿನಲ್ಲಿ ಸೌಭಾಗ್ಯ ಎನ್ನಿಸಿಕೊಂಡ ಬಣ್ಣ ಇನ್ನೊಂದು ಊರಿನಲ್ಲಿ ಅಮಂಗಳ. ಅಂದರೆ ಬಣ್ಣಕ್ಕೆ ತನ್ನಷ್ಟಕ್ಕೆ ಅರ್ಥವಿಲ್ಲ, ಊರು ಕೊಟ್ಟ ಅರ್ಥವೇ ಅರ್ಥ. ವೇಷಭೂಷಣ ಮಾಡುವವರಿಗೆ ಇದು ಮೊದಲ ಪಾಠ. ರಾಜನಿಗೆ ಕೆಂಪು, ಮುನಿಗೆ ಕಾವಿ, ಖಳನಿಗೆ ಕಪ್ಪು ಎಂದು ಕಣ್ಣುಮುಚ್ಚಿ ಹೊಲಿಸುವ ಪೆಟ್ಟಿಗೆ ಅಂಗಡಿಯವರಿಗೂ ಕಲಾವಿದರಿಗೂ ಇರುವ ವ್ಯತ್ಯಾಸ ಇಲ್ಲಿಂದಲೇ ಶುರು.

ನಾಟಕದ ಮಟ್ಟಿಗೂ ಕಾಶಿ ಸಾಮಾನ್ಯ ಊರಲ್ಲ. ಆಧುನಿಕ ಹಿಂದಿ ನಾಟಕದ ಪಿತಾಮಹ ಭಾರತೇಂದು ಹರಿಶ್ಚಂದ್ರರು ಆ ಊರಿನವರು, ಜಯಶಂಕರ ಪ್ರಸಾದರೂ ಆ ಊರಿನವರೇ. ಮುಂದೆ ಭಾರತೇಂದು ಅವರ ‘ಅಂಧೇರ್ ನಗರಿ’ಯನ್ನೂ ಪ್ರಸಾದರ ‘ಸ್ಕಂದಗುಪ್ತ’ವನ್ನೂ ಕಾರಂತರು ರಂಗಕ್ಕೆ ತಂದರು. ಗಂಗೆಯ ಆಚೆ ದಡದ ರಾಮನಗರದಲ್ಲಿ ಒಂದು ತಿಂಗಳು ನಡೆಯುವ ರಾಮಲೀಲೆಗೆ ವೇದಿಕೆಯೇ ಇಲ್ಲ. ಅಯೋಧ್ಯೆ ಒಂದು ಕಡೆ, ಲಂಕೆ ಇನ್ನೊಂದು ಕಡೆ. ಜನ ಪಾತ್ರಗಳ ಹಿಂದೆ ನಡೆದು ಹೋಗುತ್ತಾರೆ. ಮೈಕಿಲ್ಲ, ವಿದ್ಯುದ್ದೀಪವಿಲ್ಲ, ಪೆಟ್ರೋಮ್ಯಾಕ್ಸ್ ಬೆಳಕೇ ಗತಿ. ಸಾವಿರಾರು ಜನರ ನಡುವೆ ಚಿಕ್ಕ ಹುಡುಗನೊಬ್ಬ ರಾಮನಾಗುವುದು ಕಿರೀಟ ತಲೆಗೇರಿದ ಗಳಿಗೆಯಿಂದ. ಅದುವರೆಗೆ ಅವನು ಯಾರದೋ ಮನೆಯ ಮಗ. ಕಿರೀಟ ಏರಿದ ಮೇಲೆ ಮುದುಕರೂ ಅವನ ಕಾಲಿಗೆ ಬೀಳುತ್ತಾರೆ. ಉಡುಪು ಏನು ಮಾಡಬಲ್ಲದು ಎಂಬುದಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ನಮ್ಮ ದೇಶದಲ್ಲಿ ಸಿಗುವುದು ಕಷ್ಟ.

ಡಿಗ್ರಿ ಮುಗಿಸಿ ಪ್ರೇಮಾ ದೆಹಲಿಗೆ ಬಂದರು. ಚಿಕ್ಕ ಮಕ್ಕಳ ಶಾಲೆಯಲ್ಲಿ ಟೀಚರ್ ಕೆಲಸ. ಪಾಠವನ್ನೇ ಆಟ ಮಾಡಿ, ಆಟವನ್ನೇ ನಾಟಕ ಮಾಡಿ ಕಲಿಸುವ ಅವರ ಕ್ರಮ ಬೆಳೆದದ್ದು ಅಲ್ಲಿ. ಆಮೇಲೆ ತಾವೂ ರಾಷ್ಟ್ರೀಯ ನಾಟಕ ಶಾಲೆ ಸೇರಿ ತರಬೇತಿ ಪಡೆದರು. 1962ರಿಂದ 1977ರವರೆಗೆ ಆ ಶಾಲೆ ಇಬ್ರಾಹಿಂ ಅಲ್ಕಾಜಿಯವರ ಕೈಯಲ್ಲಿತ್ತು. ಅಲ್ಕಾಜಿಯವರ ನಾಟಕಗಳಿಗೆ ಉಡುಪು ರೂಪಿಸುತ್ತಿದ್ದವರು ಅವರ ಪತ್ನಿ ರೋಶನ್ ಅಲ್ಕಾಜಿ. ಪ್ರಾಚೀನ ಭಾರತದ ಉಡುಪುಗಳ ಬಗ್ಗೆ ಶಿಲ್ಪ, ಚಿತ್ರಗಳನ್ನು ನೋಡಿ ನೋಡಿ ಪುಸ್ತಕ ಬರೆದ ವಿದ್ವಾಂಸೆ ಆಕೆ. ಉಡುಪು ಎಂದರೆ ಕೊನೆಯ ವಾರ ಬಾಡಿಗೆಗೆ ತರುವ ವಸ್ತುವಲ್ಲ, ಓದಿ, ಅಳೆದು, ಯೋಚಿಸಿ ಮಾಡುವ ಕೆಲಸ ಎಂಬ ಗೌರವ ನಮ್ಮ ರಂಗಭೂಮಿಗೆ ಬಂದದ್ದರಲ್ಲಿ ಇಂಥ ಹೆಂಗಸರ ಪಾಲು ದೊಡ್ಡದು. ಆಗಲೂ ಈಗಲೂ ಜನರ ಬಾಯಲ್ಲಿ ಇರುವುದು ಅವರ ಗಂಡಂದಿರ ಹೆಸರೇ.

1970ರ ದಶಕದ ಆರಂಭದಲ್ಲಿ ಕಾರಂತ ದಂಪತಿ ಬೆಂಗಳೂರಿಗೆ ಮರಳಿದರು. ಲಂಕೇಶರ ‘ಸಂಕ್ರಾಂತಿ’, ಅವರೇ ಕನ್ನಡಕ್ಕೆ ತಂದ ‘ಈಡಿಪಸ್’, ಕಂಬಾರರ ‘ಜೋಕುಮಾರಸ್ವಾಮಿ’, ಈ ಮೂರು ನಾಟಕಗಳನ್ನು ಕಾರಂತರು ಬಯಲಿನಲ್ಲಿ ಆಡಿಸಿದ್ದು ಕನ್ನಡ ಹವ್ಯಾಸಿ ರಂಗಭೂಮಿಯ ಹೊಸ ಯುಗ ಎಂದು ಇತಿಹಾಸ ಬರೆದವರೆಲ್ಲ ಹೇಳುತ್ತಾರೆ. ಬೆನಕ, ಅಂದರೆ ಬೆಂಗಳೂರು ನಗರ ಕಲಾವಿದರು, ಹುಟ್ಟಿಕೊಂಡದ್ದು ಇದೇ ಹುರುಪಿನಲ್ಲಿ. ಕಂಪನಿ ನಾಟಕದ ಕಾಲದಲ್ಲಿ ಮಖಮಲ್ಲು, ಚಮಕಿ, ಜರಿಯ ನಿಲುವಂಗಿಗಳನ್ನು ನೋಡಲೆಂದೇ ಜನ ಬರುತ್ತಿದ್ದರು. ಹವ್ಯಾಸಿಗಳಲ್ಲಿ ಆ ದುಡ್ಡೂ ಇರಲಿಲ್ಲ, ಆ ರುಚಿಯೂ ಬೇಡವಾಗಿತ್ತು. ಅಂದಮೇಲೆ ಕಡಿಮೆ ಬಟ್ಟೆಯಲ್ಲಿ ಹೆಚ್ಚು ಹೇಳಬೇಕು. ಅದೇ ಒಂದು ಪಂಚೆ ಈಗ ಕಚ್ಚೆ, ಇನ್ನೊಂದು ಗಳಿಗೆಗೆ ಹೊದಿಕೆ, ಮತ್ತೊಂದು ದೃಶ್ಯದಲ್ಲಿ ಶವದ ಮೇಲಿನ ಬಟ್ಟೆ. ಈ ಕೆಲಸದಲ್ಲಿ ಏನೇನಿದೆ ಎಂಬುದು ಹೊರಗಿನವರಿಗೆ ಕಾಣುವುದಿಲ್ಲ. ನಟ ಕುಣಿಯುತ್ತಾನೋ ಕೂರುತ್ತಾನೋ ನೋಡಿಕೊಂಡು ಹೊಲಿಗೆ ಹಾಕಿಸಬೇಕು. ಅಂಗಡಿಯ ಟ್ಯೂಬ್‌ಲೈಟಿನಲ್ಲಿ ನೀಲಿ ಕಂಡದ್ದು ರಂಗದ ಹಳದಿ ಬೆಳಕಿನಲ್ಲಿ ಕಂದು ಆಗಿಬಿಡುತ್ತದೆ, ಅದನ್ನು ಮೊದಲೇ ಊಹಿಸಬೇಕು. ಮೂವತ್ತು ಸೆಕೆಂಡಿನಲ್ಲಿ ಬದಲಾಯಿಸುವ ಉಡುಪಿಗೆ ಗುಂಡಿ ಇಡಬಾರದು. ಆಟ ಮುಗಿದ ಮೇಲೆ ಬೆವರು ಹಿಡಿದದ್ದನ್ನೆಲ್ಲ ಒಗೆದು, ಒಣಗಿಸಿ, ಇಸ್ತ್ರಿ ಮಾಡಿ, ಟ್ರಂಕಿಗೆ ತುಂಬಬೇಕು. ಮರುದಿನದ ವಿಮರ್ಶೆಯಲ್ಲಿ ಇದಕ್ಕೆ ಸಿಗುವುದು ‘ವೇಷಭೂಷಣ ಪೂರಕವಾಗಿತ್ತು’ ಎಂಬ ಎರಡು ಪದ. ಪತ್ರಿಕೆಯವರು ಆ ಎರಡು ಪದವನ್ನು ಅಚ್ಚು ಮಾಡಿ ಇಟ್ಟುಕೊಂಡಿರುತ್ತಾರೇನೋ!

ಪ್ರೇಮಾ ಉಡುಪು ರೂಪಿಸಿದ ನಾಟಕಗಳ ಪಟ್ಟಿಯಲ್ಲಿ ಎದ್ದು ಕಾಣುವ ನಾಲ್ಕು ಹೆಸರುಗಳು ‘ಹಯವದನ’, ‘ಈಡಿಪಸ್’, ‘ಒಥೆಲೊ’, ‘ಕಿಂಗ್ ಲಿಯರ್’. ಈ ನಾಲ್ಕನ್ನೂ ಪಕ್ಕಪಕ್ಕ ಇಟ್ಟು ನೋಡಿ. ಈಡಿಪಸ್ ಕಣ್ಣು ಚುಚ್ಚಿಕೊಳ್ಳುವುದು ಚಾಕುವಿನಿಂದಲ್ಲ, ಸತ್ತ ಯೊಕಾಸ್ತೆಯ ಬಟ್ಟೆಯಿಂದ ಕಿತ್ತ ಪಿನ್ನುಗಳಿಂದ. ಒಥೆಲೊ ಹೆಂಡತಿಯನ್ನು ಕೊಲ್ಲುವಂತೆ ಮಾಡುವುದು ಒಂದು ಕರವಸ್ತ್ರ. ಲಿಯರ್ ರಾಜ ತಾನು ಬರೀ ಮನುಷ್ಯ ಎಂದು ಕಂಡುಕೊಳ್ಳುವುದು ಬಿರುಗಾಳಿಯಲ್ಲಿ ಮೈಮೇಲಿನ ಬಟ್ಟೆ ಕಿತ್ತು ಹಾಕುವಾಗ. ‘ಹಯವದನ’ದಲ್ಲಂತೂ ಇಬ್ಬರು ಗೆಳೆಯರ ತಲೆಗಳೇ ಅದಲು ಬದಲಾಗುತ್ತವೆ. ಕಾರ್ನಾಡರು ಬರೆದಂತೆ ದೇವದತ್ತನ ಮುಖವಾಡ ತಿಳಿಬಣ್ಣದ್ದು, ಕಪಿಲನದು ಕಪ್ಪು. ಮುಖವಾಡ ಬದಲಾದಾಗ ಯಾರು ಯಾರೆಂದು ಪ್ರೇಕ್ಷಕರಿಗೆ ಗೊಂದಲ ಆಗಬೇಕು, ಆದರೆ ದಾರಿ ತಪ್ಪಬಾರದು. ಆ ಗೆರೆ ಹಿಡಿದು ನಿಲ್ಲಿಸುವುದು ಸಂಭಾಷಣೆ ಮಾತ್ರವಲ್ಲ, ಮೈಮೇಲಿನ ಬಟ್ಟೆ. ಇಂಥ ನಾಟಕಗಳಲ್ಲಿ ಉಡುಪು ‘ಪೂರಕ’ ಎಂದರೆ ಅಡುಗೆಗೆ ಉಪ್ಪು ಪೂರಕ ಎಂದ ಹಾಗೆ.

ನಮ್ಮಂಥ ಸಂಘಗಳ ರಾಜ್ಯೋತ್ಸವದ ನಾಟಕ ನೆನಪಿಸಿಕೊಳ್ಳಿ. ಮೂರು ವಾರದ ತಾಲೀಮಿನಲ್ಲಿ ಉಡುಪಿನ ಮಾತು ಬರುವುದು ಕೊನೆಯ ಭಾನುವಾರ. ಆಮೇಲೆ ನಮ್ಮ ಬೀರುಗಳು ತೆರೆಯುತ್ತವೆ. ಕಾಂಜೀವರಂ ಸೀರೆ ಸಿಂಹಾಸನದ ಹೊದಿಕೆಯಾಗುತ್ತದೆ, ಮಗಳ ಭರತನಾಟ್ಯದ ಡಾಬು ಕೃಷ್ಣದೇವರಾಯನ ಸೊಂಟಕ್ಕೆ ಹೋಗುತ್ತದೆ. ಇದನ್ನೆಲ್ಲ ಹೊಂದಿಸಿದವರ ಹೆಸರು ವಂದನಾರ್ಪಣೆಯಲ್ಲಿ ‘ಮತ್ತು ಇತರರು’. 120 ನಾಟಕಗಳ ಹಿಂದಿನ ಶ್ರಮ ಎಂಥದ್ದು ಎಂದು ಈ ‘ಇತರರಿಗೆ’ ಬೇಗ ಅರ್ಥವಾದೀತು.

ಸಿನಿಮಾಕ್ಕೆ ಅವರು ಬಂದದ್ದೂ ಬಟ್ಟೆಯ ಬಾಗಿಲಿನಿಂದಲೇ. ಜಿ.ವಿ. ಅಯ್ಯರ್ ಅವರ ‘ಹಂಸಗೀತೆ’ (1975) ತ.ರಾ.ಸು. ಅವರ ಕಾದಂಬರಿಯ ಚಿತ್ರ. ಚಿತ್ರದುರ್ಗದ ಸಂಗೀತಗಾರ ಭೈರವಿ ವೆಂಕಟಸುಬ್ಬಯ್ಯನ ಪಾತ್ರದಲ್ಲಿ ಅನಂತ ನಾಗ್. ಅದರ ವೇಷಭೂಷಣ ಪ್ರೇಮಾ ಅವರದು. ನಾಟಕದಲ್ಲಿ ಹತ್ತನೇ ಸಾಲಿನವರಿಗೆ ಕಂಡರೆ ಸಾಕು. ಕ್ಯಾಮೆರಾ ಮುಖದ ಹತ್ತಿರ ಬಂದಾಗ ಅಂಚಿನ ನೂಲೂ ಕಾಣುತ್ತದೆ, ಹದಿನೆಂಟನೇ ಶತಮಾನದ ಮೈಮೇಲೆ ಮಿಲ್ಲಿನ ಬಟ್ಟೆ ಇದ್ದರೆ ತಕ್ಷಣ ಗೊತ್ತಾಗುತ್ತದೆ. ಅಲ್ಲಿಂದ ಎರಡು ವರ್ಷಕ್ಕೆ ಅಯ್ಯರ್ ಅವರದೇ ‘ಕುದುರೆ ಮೊಟ್ಟೆ’ಗೆ ಕಲಾ ನಿರ್ದೇಶನ ಮಾಡಿದರು. ಕನ್ನಡ ಸಿನಿಮಾದಲ್ಲಿ ಆ ಕೆಲಸ ಮಾಡಿದ ಮೊದಲ ಹೆಂಗಸು ಅವರು. ಬಡಗಿಗಳು, ಬಣ್ಣದವರು, ಸೆಟ್ಟಿನ ಹುಡುಗರು ತುಂಬಿದ ಗಂಡಸರ ಲೋಕ ಅದು. ಮೈಮೇಲಿನ ಬಟ್ಟೆಯಿಂದ ಮನೆಯ ಗೋಡೆಗೆ, ಗೋಡೆಯಿಂದ ಇಡೀ ಚೌಕಟ್ಟಿಗೆ, ಹೀಗೆ ಒಂದೊಂದೇ ಹೆಜ್ಜೆ ಹೊರಗೆ ಬಂದು ಕೊನೆಗೆ ಅವರು ನಿರ್ದೇಶಕಿಯ ಕುರ್ಚಿಯಲ್ಲಿ ಕೂತರು.

ಎಂ.ಕೆ. ಇಂದಿರಾ ನಮ್ಮಲ್ಲಿ ಎಲ್ಲರಿಗೂ ಪರಿಚಿತರು. ತೀರ್ಥಹಳ್ಳಿಯ ಕಡೆಯವರು, ನಲವತ್ತು ದಾಟಿದ ಮೇಲೆ ಬರೆಯಲು ಶುರುಮಾಡಿ 1963ರಲ್ಲಿ ‘ತುಂಗಭದ್ರಾ’ ತಂದವರು. 1976ರ ‘ಫಣಿಯಮ್ಮ’ದಲ್ಲಿ ಅವರು ಬರೆದದ್ದು ತಮ್ಮ ಮನೆತನದ ಹಿರಿಯಜ್ಜಿಯೊಬ್ಬರ ನಿಜ ಬದುಕು. ಬಾಲ್ಯದಲ್ಲೇ ಮದುವೆ, ಸ್ವಲ್ಪ ದಿನಕ್ಕೇ ಗಂಡನ ಸಾವು. ಮೈನೆರೆದ ಮೇಲೆ ತಲೆ ಬೋಳಿಸಿ ಮಡಿಗೆ ಕೂರಿಸಿದ ಹುಡುಗಿ ನೂರು ವರ್ಷ ದಾಟಿ ಬದುಕುತ್ತಾಳೆ. ಊರಿನವರ ಹೆರಿಗೆ, ಬಾಣಂತನ ಎಲ್ಲಕ್ಕೂ ಬೇಕು, ಶುಭಕಾರ್ಯಕ್ಕೆ ಮಾತ್ರ ಬೇಡ. ತೇಜಸ್ವಿನಿ ನಿರಂಜನ ಇದನ್ನು ಇಂಗ್ಲಿಷಿಗೆ ಅನುವಾದಿಸಿದ್ದಾರೆ. ಪ್ರೇಮಾ ತಮ್ಮ ಮೊದಲ ಚಿತ್ರಕ್ಕೆ ಈ ಕಾದಂಬರಿ ಆರಿಸಿಕೊಂಡರು. ಛಾಯಾಗ್ರಹಣ ಮಧು ಅಂಬಟ್, ಸಂಗೀತ ಕಾರಂತರದು. ಫಣಿಯಮ್ಮನಾಗಿ ಎಲ್.ವಿ. ಶಾರದಾ. 1983ರ ರಾಷ್ಟ್ರಪ್ರಶಸ್ತಿಗಳಲ್ಲಿ ಅದು ಅತ್ಯುತ್ತಮ ಕನ್ನಡ ಚಿತ್ರವೆನಿಸಿತು. ಪ್ರೇಮಾ ಅವರನ್ನು ಕನ್ನಡದ ಮೊದಲ ಮಹಿಳಾ ನಿರ್ದೇಶಕಿ ಎಂದು ಕರೆಯುವ ರೂಢಿ ಬಂದದ್ದು ಈ ಚಿತ್ರದಿಂದ.

ವರ್ಷಗಟ್ಟಲೆ ಬೇರೆಯವರ ಮೈಮೇಲೆ ಬಟ್ಟೆ, ಒಡವೆ, ಬಣ್ಣ ಇಟ್ಟು ಪಾತ್ರ ಮಾಡಿದ ಹೆಂಗಸು, ತನ್ನದೇ ಸಿನಿಮಾ ಮಾಡುವ ಅವಕಾಶ ಬಂದಾಗ ಆರಿಸಿಕೊಂಡದ್ದು ಎಲ್ಲವನ್ನೂ ಮೈಮೇಲಿಂದ ಕಳಚಿಕೊಂಡ ಹೆಂಗಸಿನ ಕಥೆ. ಇದನ್ನು ಯೋಚಿಸಿದಾಗಲೆಲ್ಲ ನನಗೆ ಆಶ್ಚರ್ಯವಾಗುತ್ತದೆ, ಆಮೇಲೆ ಆಶ್ಚರ್ಯವೇ ಇಲ್ಲ ಅನ್ನಿಸುತ್ತದೆ. ಕುಂಕುಮ ಅಳಿಸುವುದು, ಬಳೆ ಒಡೆಯುವುದು, ಕೂದಲು ತೆಗೆಸುವುದು, ರವಿಕೆ ಬಿಡಿಸುವುದು, ಬಣ್ಣ ಬಣ್ಣದ ಸೀರೆಯ ಬದಲು ಒಂದೇ ಬಣ್ಣ ಉಡಿಸುವುದು: ವೈಧವ್ಯ ಎಂದು ನಾವು ಕರೆದದ್ದು ಮುಕ್ಕಾಲು ಪಾಲು ಒಂದು ವೇಷ. ಅದನ್ನು ಹೊಲಿದವರು ಬೇರೆಯವರು, ತೊಡಿಸಿದವರು ಬೇರೆಯವರು, ಹೊತ್ತವಳು ಮಾತ್ರ ಅವಳು. ನಾಟಕದ ವೇಷವಾದರೆ ರಾತ್ರಿ ಕಳಚಬಹುದು. ವೇಷದ ಕೆಲಸ ಬಲ್ಲವರಿಗೆ ಈ ವ್ಯತ್ಯಾಸ ಬೇಗ ಹೊಳೆಯುತ್ತದೆ.

ಕನ್ನಡದ ಹೊಸ ಅಲೆಯ ಚಿತ್ರಗಳಲ್ಲಿ ವಿಧವೆಯ ಕಥೆ ಅದೇ ಮೊದಲಲ್ಲ. 1971ರ ‘ವಂಶವೃಕ್ಷ’ವನ್ನು ಕಾರ್ನಾಡ್ ಮತ್ತು ಕಾರಂತ ಕೂಡಿ ನಿರ್ದೇಶಿಸಿದ್ದರು. ಅದರಲ್ಲಿ ಮರುಮದುವೆಯಾಗುವ ಕಾತ್ಯಾಯನಿಯ ಪಾತ್ರ ಮಾಡಿದವರು ಇದೇ ಎಲ್.ವಿ. ಶಾರದಾ. 1977ರಲ್ಲಿ ಗಿರೀಶ್ ಕಾಸರವಳ್ಳಿಯವರ ‘ಘಟಶ್ರಾದ್ಧ’ ಬಂತು. ಬಸುರಿಯಾದ ಬಾಲವಿಧವೆ ಯಮುನಕ್ಕನನ್ನು ಜಾತಿಯಿಂದ ಹೊರಗೆ ಹಾಕಿ ತಲೆ ಬೋಳಿಸಿ ಕೂರಿಸಿದ ಕೊನೆಯ ದೃಶ್ಯ ನೋಡಿದವರು ಮರೆಯಲಾರರು. ಎರಡೂ ದೊಡ್ಡ ಚಿತ್ರಗಳೇ. ಆದರೆ ‘ವಂಶವೃಕ್ಷ’ದಲ್ಲಿ ನೋಡುವುದು ಮನೆತನದ ಕಣ್ಣು, ‘ಘಟಶ್ರಾದ್ಧ’ದಲ್ಲಿ ಪುಟ್ಟ ಹುಡುಗನೊಬ್ಬನ ಕಣ್ಣು. ಫಣಿಯಮ್ಮ ಮರುಮದುವೆಯಾಗಿ ಹೊರಗೆ ಹೋಗುವವಳಲ್ಲ, ಎಲ್ಲರೆದುರು ತಿರಸ್ಕಾರಕ್ಕೆ ಗುರಿಯಾಗುವವಳೂ ಅಲ್ಲ. ದಿನಾ ಬೆಳಗ್ಗೆ ಎದ್ದು ಅದೇ ನೀರು, ಅದೇ ಒಲೆ, ಅದೇ ಮಡಿ. ಕೋಲಿನಿಂದ ಎತ್ತಿ ಗಳುವಿನ ಮೇಲೆ ಒಣಹಾಕಿದ ಸೀರೆಯನ್ನು ಯಾರೂ ಮುಟ್ಟಬಾರದು, ಉಟ್ಟವಳನ್ನೂ ಮುಟ್ಟಬಾರದು. ಈ ಒಳಮನೆಯ ಲೋಕವನ್ನು ಒಳಗಿನಿಂದಲೇ ತೋರಿಸಿದ್ದು ಪ್ರೇಮಾ ಅವರ ದೊಡ್ಡತನ. ಕಥೆಯ ಶಕ್ತಿ ಇರುವುದೂ ಅಲ್ಲೇ. ಆ ಮಡಿ ಹೆಂಗಸೇ ದಲಿತ ಹೆಣ್ಣುಮಗಳ ಕಷ್ಟದ ಹೆರಿಗೆಗೆ ಕೈ ಹಾಕುತ್ತಾಳೆ. ತಲೆ ಬೋಳಿಸಿಕೊಳ್ಳಲು ಒಪ್ಪದ ಚಿಕ್ಕ ವಯಸ್ಸಿನ ದಾಕ್ಷಾಯಣಿಯ ಪಕ್ಷ ವಹಿಸುತ್ತಾಳೆ. ತಾನು ಹೊತ್ತ ವೇಷವನ್ನು ಇನ್ನೊಬ್ಬಳ ಮೇಲೆ ಹೊರಿಸಲು ಒಪ್ಪದ ಹೆಂಗಸು ಅವಳು. ಗಲಾಟೆಯಿಲ್ಲದ ಪ್ರತಿಭಟನೆ ಎಂದು ಇದನ್ನು ಕೆಲವರು ಹಗುರ ಮಾಡುತ್ತಾರೆ. ಆ ಮನೆಯೊಳಗೆ, ಆ ಕಾಲದಲ್ಲಿ, ಅಷ್ಟು ಮಾತಾಡಲು ಎಷ್ಟು ಎದೆ ಬೇಕು ಎಂದು ಅಂಥ ಮನೆಗಳಲ್ಲಿ ಬೆಳೆದವರನ್ನು ಕೇಳಬೇಕು.

ಕಾಶಿಯ ವಿಧವೆಯರ ಬಗ್ಗೆ ದೀಪಾ ಮೆಹ್ತಾ ‘ವಾಟರ್’ ಚಿತ್ರ ತೆಗೆಯಲು ಹೋದಾಗ, 2000ದಲ್ಲಿ, ವಾರಾಣಸಿಯಲ್ಲಿ ಸೆಟ್ಟನ್ನೇ ಒಡೆದುಹಾಕಿದರು. ಚಿತ್ರೀಕರಣ ಕೊನೆಗೆ ಶ್ರೀಲಂಕಾದಲ್ಲಿ ನಡೆಯಿತು, ಚಿತ್ರ ಹೊರಬಂದದ್ದು 2005ರಲ್ಲಿ. ಅದಕ್ಕಿಂತ ಇಪ್ಪತ್ತು ವರ್ಷಕ್ಕೂ ಮೊದಲೇ, ಕಾಶಿಯಲ್ಲಿ ಓದಿದ ಕನ್ನಡದ ಹೆಣ್ಣುಮಗಳು ಇದೇ ನೋವಿನ ಚಿತ್ರವನ್ನು ಮಾಡಿ ಮುಗಿಸಿದ್ದರು.

ಅದೇ 1983ರ ಏಪ್ರಿಲ್‌ನಲ್ಲಿ ಇನ್ನೊಂದು ಸುದ್ದಿ ಬಂದಿತ್ತು. ‘ಗಾಂಧಿ’ ಚಿತ್ರದ ವೇಷಭೂಷಣಕ್ಕೆ ಭಾನು ಅಥೈಯಾ ಅವರಿಗೆ ಆಸ್ಕರ್, ಭಾರತೀಯರೊಬ್ಬರಿಗೆ ಸಿಕ್ಕ ಮೊದಲನೆಯದು. ನಮ್ಮ ಬೆಳಗಾವಿಯ ಪಕ್ಕದ ಕೊಲ್ಲಾಪುರದಲ್ಲಿ ಹುಟ್ಟಿದವರು. ಮುಂಬಯಿಯ ಜೆ.ಜೆ. ಕಲಾಶಾಲೆಯಲ್ಲಿ ಚಿತ್ರಕಲೆ ಕಲಿತು, ಪ್ರೋಗ್ರೆಸಿವ್ ಆರ್ಟಿಸ್ಟ್ಸ್ ಗುಂಪಿನ ಜೊತೆ ಚಿತ್ರ ಪ್ರದರ್ಶಿಸಿ, ಆಮೇಲೆ ಸಿನಿಮಾ ಉಡುಪಿಗೆ ಬಂದವರು. ಇಬ್ಬರ ಹಾದಿ ಬೇರೆ ಬೇರೆ. ಆದರೂ ಒಂದು ಸಾಮ್ಯ ನನ್ನನ್ನು ಹಿಡಿದು ನಿಲ್ಲಿಸುತ್ತದೆ: ಆ ವರ್ಷ ಇಬ್ಬರಿಗೂ ಗೌರವ ತಂದ ಚಿತ್ರಗಳಲ್ಲಿ ಝಗಮಗ ಇರಲಿಲ್ಲ. ಒಂದರಲ್ಲಿ ಖಾದಿ, ಇನ್ನೊಂದರಲ್ಲಿ ಮಡಿ ಸೀರೆ. ಭಾನು ಅಥೈಯಾ 2012ರಲ್ಲಿ ತಮ್ಮ ಆಸ್ಕರ್ ಪ್ರತಿಮೆಯನ್ನು ಅಮೆರಿಕದ ಅಕಾಡೆಮಿಗೇ ವಾಪಸ್ ಕೊಟ್ಟುಬಿಟ್ಟರು, ತಾವಿಲ್ಲದ ಮೇಲೆ ಅದು ಸುರಕ್ಷಿತವಾಗಿ ಉಳಿಯಲಿ ಎಂದು. ಒಂದು ಲೋಹದ ಪ್ರತಿಮೆಗೇ ಈ ಚಿಂತೆಯಾದರೆ, ಹವ್ಯಾಸಿ ನಾಟಕಗಳ ಹತ್ತಿ ಬಟ್ಟೆಯ ಗತಿ ಏನು? ನಾಟಕದ ಹಾಡು ಬಾಯಿಂದ ಬಾಯಿಗೆ ಉಳಿಯುತ್ತದೆ, ಮಾತು ಪುಸ್ತಕದಲ್ಲಿ ಉಳಿಯುತ್ತದೆ. ಉಡುಪು ಜಿರಲೆ, ಗೆದ್ದಲು, ಮಳೆಗಾಲದ ಪಾಲು. ಕಾರಂತರ ರಂಗಗೀತೆಗಳನ್ನು ನಾವು ಇಂದಿಗೂ ಹಾಡುತ್ತೇವೆ. ಆ ಹಾಡು ಹಾಡಿದವರು ಏನು ಉಟ್ಟಿದ್ದರು ಎಂಬುದು ಕಪ್ಪು ಬಿಳುಪು ಫೋಟೊಗಳಲ್ಲಿ ಅಷ್ಟಿಷ್ಟು ಉಳಿದಿದ್ದರೆ ಉಂಟು.

ಪ್ರೇಮಾ ಅಲ್ಲಿಗೇ ನಿಲ್ಲಲಿಲ್ಲ. ಮಕ್ಕಳಿಗಾಗಿ ‘ನಕ್ಕಳಾ ರಾಜಕುಮಾರಿ’, ಹಿಂದಿಯಲ್ಲಿ ‘ಬಂದ್ ಝರೋಖೇ’ ಚಿತ್ರಗಳನ್ನು ಮಾಡಿದರು. ಆದರೆ ದೆಹಲಿಯ ಶಾಲೆಯಲ್ಲಿ ಹಿಡಿದ ಹುಚ್ಚು ಮಕ್ಕಳ ನಾಟಕದ್ದು, ಅದು ಕೊನೆಯವರೆಗೂ ಬಿಡಲಿಲ್ಲ. ‘ಜೈಂಟ್ ಮಾಮ’ದಿಂದ ಶುರುವಾಗಿ, ಬೆನಕ ಮಕ್ಕಳ ನಾಟಕ ಕೇಂದ್ರದ ‘ಅಳಿಲು ರಾಮಾಯಣ’ದವರೆಗೆ ಅವರು ರಂಗಕ್ಕೆ ಹತ್ತಿಸಿದ ಮಕ್ಕಳಿಗೆ ಲೆಕ್ಕವಿಲ್ಲ. ಮಕ್ಕಳ ನಾಟಕದ ಉಡುಪು ದೊಡ್ಡವರದ್ದಕ್ಕಿಂತ ಕಷ್ಟ. ಮಗುವಿಗೆ ಭಾರವಾಗಬಾರದು, ಚುಚ್ಚಬಾರದು, ಓಡುವಾಗ ಕಾಲಿಗೆ ಸಿಕ್ಕಬಾರದು. ಇಷ್ಟೆಲ್ಲ ಆದಮೇಲೂ ಒಂದು ಬಾಲ ಕಟ್ಟಿದ ಕೂಡಲೇ ಆ ಮಗು ತಾನು ಅಳಿಲೇ ಎಂದು ನಂಬಬೇಕು.

ಕಾರಂತರು 2002ರ ಸೆಪ್ಟೆಂಬರ್ 1ರಂದು ಹೋದರು. ಪ್ರೇಮಾ 2007ರ ಅಕ್ಟೋಬರ್ 29ರಂದು ಬೆಂಗಳೂರಿನಲ್ಲಿ ತೀರಿಕೊಂಡರು. ಅವರ ಆತ್ಮಕಥನದ ಹೆಸರು ‘ಸೋಲಿಸಬೇಡ ಗೆಲಿಸಯ್ಯ’. ವೈದೇಹಿಯವರು ನಿರೂಪಿಸಿದ ಕಾರಂತರ ಆತ್ಮಕಥನ ‘ಇಲ್ಲಿರಲಾರೆ ಅಲ್ಲಿಗೆ ಹೋಗಲಾರೆ’ ಓದಿದವರು ಇದನ್ನೂ ಪಕ್ಕದಲ್ಲಿಟ್ಟುಕೊಂಡು ಓದಬೇಕು. ಅದಕ್ಕೂ ಮೊದಲು ‘ಫಣಿಯಮ್ಮ’ ಚಿತ್ರವನ್ನು ಇನ್ನೊಮ್ಮೆ ನೋಡಿ, ಮನೆಯಲ್ಲಿ ಅಮ್ಮ, ಅತ್ತೆ ಯಾರಾದರೂ ಹಿರಿಯರಿದ್ದರೆ ಅವರನ್ನೂ ಕೂರಿಸಿಕೊಂಡು. ನೋಡುವಾಗ ಮಾತಿಗಿಂತ ಹೆಚ್ಚಾಗಿ ಸೆರಗನ್ನು, ಕೈಯನ್ನು, ಒಣಹಾಕಿದ ಸೀರೆಯನ್ನು ಗಮನಿಸಿ.